ಬೆಲೀಜ್ ಕಾಡಿನ ಮಾಯಾ ಉತ್ಖನನಕ್ಕೆ ಸ್ವಯಂಸೇವಕರಾಗಿ ಹೋಗುವವರಿಗೆ ಒಂದು ಕೈಪಿಡಿ

ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದಲ್ಲಿ ಪ್ರಾಚೀನ ಕಾಲದಲ್ಲಿ ನಗರಗಳನ್ನು ಕಟ್ಟಿದ ಮಾಯಾ ಜನರ ಪಾಳುನಗರಗಳಲ್ಲಿ ನಡೆಯುವ ಉತ್ಖನನಗಳಿಗೆ ಪುರಾತತ್ತ್ವದ ಪದವಿ ಇಲ್ಲದವರನ್ನೂ ಸೇರಿಸಿಕೊಳ್ಳುವ ಪದ್ಧತಿ ದಶಕಗಳಿಂದ ಇದೆ. ಬಿಸಿಲು, ಸೆಕೆ, ಸೊಳ್ಳೆಗಳ ನಡುವೆ ಗಂಟೆಗಟ್ಟಲೆ ಮಂಡಿಯೂರಿ ಕೂರಬಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದಿಡುವ ತಾಳ್ಮೆಯಿರುವ ವಯಸ್ಕರು ಇದಕ್ಕೆ ಅರ್ಜಿ ಹಾಕಬಹುದು. ಆದರೆ ಹೊರಡುವ ಮೊದಲೇ ಒಂದು ವಿಷಯ ಮನಸ್ಸಿನಲ್ಲಿ ಖಚಿತವಾಗಿರಬೇಕು: ಉತ್ಖನನದಲ್ಲಿ ಸಿಕ್ಕ ವಸ್ತುವಿಗಿಂತ ಅದು ಎಷ್ಟು ಆಳದಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತೆಂಬ ದಾಖಲೆಯೇ ಹೆಚ್ಚು ಬೆಲೆಯದು. ಅಗೆದ ಮಣ್ಣನ್ನು ಮತ್ತೆ ಅದೇ ಕ್ರಮದಲ್ಲಿ ಜೋಡಿಸಿ ಇನ್ನೊಮ್ಮೆ ಅಗೆಯಲು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ ಅಂದು ಬರೆಯದೆ ಬಿಟ್ಟದ್ದು ಶಾಶ್ವತವಾಗಿ ಕಳೆದುಹೋದಂತೆಯೇ. ತಂಡದ ಆಯ್ಕೆಯಿಂದ ಹಿಡಿದು ಚೀಲಕ್ಕೆ ಚೀಟಿ ಅಂಟಿಸುವವರೆಗೆ ಮುಂದೆ ಹೇಳುವ ಎಲ್ಲವೂ ಈ ಒಂದು ಮಾತಿನ ಮೇಲೆಯೇ ನಿಂತಿದೆ.

ಮಾಯಾ ನೆಲೆಗಳು ಮೆಕ್ಸಿಕೋ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್‌ಗಳಲ್ಲಿಯೂ ಇವೆ. ಆದರೆ ಮೊದಲ ಬಾರಿ ಹೋಗುವ ಕನ್ನಡಿಗರಿಗೆ ನಾನು ಬೆಲೀಜನ್ನೇ ಸೂಚಿಸುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎರಡರಷ್ಟಕ್ಕಿಂತ ತುಸು ದೊಡ್ಡದಾದ ಈ ದೇಶ 1981ರವರೆಗೆ ಬ್ರಿಟಿಷರ ವಶದಲ್ಲಿತ್ತು. ಇಂದಿಗೂ ಅಲ್ಲಿನ ಆಡಳಿತ ಭಾಷೆ ಇಂಗ್ಲಿಷ್ ಆಗಿರುವುದರಿಂದ ಸ್ಪ್ಯಾನಿಷ್ ಬಾರದವರೂ ಮೇಲ್ವಿಚಾರಕರ ಮಾತನ್ನು ಪೂರ್ತಿಯಾಗಿ ಗ್ರಹಿಸಬಹುದು, ಆಸ್ಪತ್ರೆಯಲ್ಲಿ ತಮ್ಮ ಕಷ್ಟವನ್ನು ತಾವೇ ಹೇಳಿಕೊಳ್ಳಬಹುದು.

ತಂಡವನ್ನು ಆರಿಸಿಕೊಳ್ಳುವುದು

ಬೆಲೀಜ್‌ನಲ್ಲಿ ಯಾವುದೇ ಉತ್ಖನನಕ್ಕೆ ಅಲ್ಲಿನ ಪುರಾತತ್ತ್ವ ಸಂಸ್ಥೆಯ ಪರವಾನಗಿ ಬೇಕು. ಈ ಸಂಸ್ಥೆ ರಾಷ್ಟ್ರೀಯ ಸಂಸ್ಕೃತಿ ಮತ್ತು ಇತಿಹಾಸ ಸಂಸ್ಥೆಯ ಅಂಗವಾಗಿದ್ದು, ಪರವಾನಗಿಯನ್ನು ತಂಡದ ನಿರ್ದೇಶಕರ ಹೆಸರಿಗೆ ಕೊಡುತ್ತದೆ. ಪರವಾನಗಿ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗೆ ನೇರವಾದ ಉತ್ತರ ಬಾರದಿದ್ದರೆ ಅಂಥ ಯೋಜನೆಯ ಸಹವಾಸವೇ ಬೇಡ.

ಹಲವು ವರ್ಷಗಳಿಂದ ಸ್ವಯಂಸೇವಕರೊಂದಿಗೆ ಕೆಲಸ ಮಾಡುತ್ತ ಬಂದಿರುವ ಎರಡು ಯೋಜನೆಗಳು ಹುಡುಕಾಟ ಆರಂಭಿಸಲು ಸಾಕು. ಮೊದಲನೆಯದು ಬೆಲೀಜ್ ವ್ಯಾಲಿ ಆರ್ಕಿಯಾಲಾಜಿಕಲ್ ರೆಕನೈಸೆನ್ಸ್. ಬೆಲೀಜ್‌ನವರೇ ಆದ ಪುರಾತತ್ತ್ವಜ್ಞ ಜೇಮಿ ಆವೆ 1988ರಲ್ಲಿ ಆರಂಭಿಸಿದ ಈ ಯೋಜನೆ ಪಶ್ಚಿಮ ಗಡಿಯ ಸ್ಯಾನ್ ಇಗ್ನೇಶಿಯೋ ಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು ಕಹಾಲ್ ಪೆಚ್, ಬೇಕಿಂಗ್ ಪಾಟ್, ಶುನಾನ್‌ತುನಿಚ್ ಮೊದಲಾದ ನೆಲೆಗಳಲ್ಲಿ ಕೆಲಸ ಮಾಡಿದೆ. ಎರಡನೆಯದು ವಾಯವ್ಯ ಬೆಲೀಜ್‌ನ ಬ್ಲೂ ಕ್ರೀಕ್ ಪ್ರದೇಶದಲ್ಲಿ ಥಾಮಸ್ ಗುಡರ್‌ಜಾನ್ ಅವರು 1992ರಲ್ಲಿ ಕೈಗೆತ್ತಿಕೊಂಡ ಮಾಯಾ ರಿಸರ್ಚ್ ಪ್ರೋಗ್ರಾಮ್. ಅದೇ ವಾಯವ್ಯ ಮೂಲೆಯ ರಿಯೋ ಬ್ರಾವೋ ರಕ್ಷಿತಾರಣ್ಯದಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಯೋಜನೆಯೂ 1992ರಿಂದ ನಡೆದುಬಂದಿದೆ, ಆದರೆ ಅದರ ಒಲವು ಮುಖ್ಯವಾಗಿ ವಿದ್ಯಾರ್ಥಿಗಳ ಕಡೆಗೆ. ಇವುಗಳ ಹೊರಗೆ ಹುಡುಕಬೇಕೆನ್ನುವವರು ಆರ್ಕಿಯಾಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕಾ ಪ್ರಕಟಿಸುವ ಕ್ಷೇತ್ರಕಾರ್ಯಾವಕಾಶಗಳ ಪಟ್ಟಿಯನ್ನು ನೋಡಬಹುದು.

ಪ್ರಕಟಣೆಗಳಲ್ಲಿ ಫೀಲ್ಡ್ ಸ್ಕೂಲ್ ಮತ್ತು ಸ್ವಯಂಸೇವೆ ಎರಡೂ ಒಟ್ಟಿಗೇ ಕಾಣಿಸುತ್ತವೆ. ಫೀಲ್ಡ್ ಸ್ಕೂಲ್‌ಗೆ ಸೇರಿದರೆ ಪಾಠ, ಪರೀಕ್ಷೆ, ವಿಶ್ವವಿದ್ಯಾಲಯದ ಕ್ರೆಡಿಟ್ ಇರುತ್ತವೆ, ಶುಲ್ಕವೂ ಅದಕ್ಕೆ ತಕ್ಕಂತೆ ಏರುತ್ತದೆ. ಕ್ರೆಡಿಟ್ ಬೇಡದವರು ಸಾಮಾನ್ಯವಾಗಿ ಎರಡು ವಾರಗಳ ಅವಧಿಗೆ ಸ್ವಯಂಸೇವಕರಾಗಿ ಸೇರುತ್ತಾರೆ. ಎರಡರಲ್ಲಿಯೂ ಹಣ ಕೊಡಬೇಕಾದವರು ನಾವೇ. ಊಟ, ವಸತಿ, ವಾಹನ, ಕೂಲಿಯವರ ಸಂಬಳ, ಪ್ರಯೋಗಾಲಯದ ವೆಚ್ಚ ಎಲ್ಲವೂ ಬಹುಮಟ್ಟಿಗೆ ಆ ಹಣದಿಂದಲೇ ನಡೆಯುತ್ತವೆ. ಸೇವೆ ಮಾಡುವವರಿಂದಲೇ ಶುಲ್ಕ ಪಡೆಯುವುದೇನು ಎಂದು ಮೂಗು ಮುರಿಯುವವರಿದ್ದಾರೆ. ಹೊಸಬರು ಮೊದಲ ವಾರದಲ್ಲಿ ಮಾಡುವ ಕೆಲಸಕ್ಕಿಂತ ಅವರಿಗೆ ಕಲಿಸಲು ಮೇಲ್ವಿಚಾರಕರು ಕಳೆಯುವ ಹೊತ್ತೇ ಹೆಚ್ಚು ಎಂಬುದನ್ನು ನೋಡಿದವರು ಹಾಗೆನ್ನುವುದಿಲ್ಲ.

ಅರ್ಜಿ ಹಾಕುವ ಮೊದಲು ತಂಡಕ್ಕೆ ಪತ್ರ ಬರೆದು ಕೆಲವು ಸಂಗತಿಗಳನ್ನು ಕೇಳಿಕೊಳ್ಳಬೇಕು. ಹಿಂದಿನ ವರ್ಷಗಳ ವರದಿಗಳು ಪ್ರಕಟವಾಗಿವೆಯೇ? ಒಬ್ಬ ಮೇಲ್ವಿಚಾರಕರ ಕೈಕೆಳಗೆ ಎಷ್ಟು ಮಂದಿ ಇರುತ್ತಾರೆ? ಸ್ವಯಂಸೇವಕರಿಗೆ ನಕ್ಷೆ ಬರೆಯಲು, ಪದರ ಗುರುತಿಸಲು ಕಲಿಸುತ್ತಾರೆಯೇ, ಇಲ್ಲವೇ ಮಣ್ಣು ಜರಡಿ ಹಿಡಿಯುವುದಕ್ಕಷ್ಟೇ ನಿಲ್ಲಿಸುತ್ತಾರೆಯೇ? ವಾಸ ಪಟ್ಟಣದ ಹೋಟೆಲಿನಲ್ಲೋ ಕಾಡಿನ ಶಿಬಿರದಲ್ಲೋ? ವರದಿಗಳ ಬಗೆಗಿನ ಪ್ರಶ್ನೆ ಇವುಗಳಲ್ಲಿ ಮುಖ್ಯವಾದದ್ದು, ಏಕೆಂದರೆ ವರ್ಷವರ್ಷವೂ ಅಗೆದು ಏನನ್ನೂ ಬರೆದು ಪ್ರಕಟಿಸದ ತಂಡ ನಿಧಿಗಳ್ಳರಿಗಿಂತ ಬಹಳ ಬೇರೆಯಾದ ಕೆಲಸವನ್ನೇನೂ ಮಾಡುತ್ತಿಲ್ಲ.

ಕಾಲ, ದಾರಿ, ಕಾಗದಪತ್ರ

ಅಗೆತಕ್ಕೆ ಒಳ್ಳೆಯ ಹವೆ ಇರುವುದು ಫೆಬ್ರವರಿಯಿಂದ ಮೇ ತಿಂಗಳವರೆಗಿನ ಒಣಗಾಲದಲ್ಲಿ. ಆದರೂ ಹೆಚ್ಚಿನ ಶಿಬಿರಗಳು ನಡೆಯುವುದು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ರಜೆಯಿರುವ ಮೇ ಕೊನೆಯಿಂದ ಜುಲೈ ತನಕ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಅಟ್ಲಾಂಟಿಕ್ ಚಂಡಮಾರುತಗಳ ಕಾಲವೂ ಅದೇ ತಿಂಗಳು ಶುರುವಾಗುತ್ತದೆ. ಎರಡು ಅವಧಿಗಳ ಆಯ್ಕೆಯಿದ್ದರೆ ಮೊದಲನೆಯದನ್ನೇ ತೆಗೆದುಕೊಳ್ಳಿ. ಸೆಕೆ ಹೆಚ್ಚಾದರೂ ಗುಂಡಿಯಲ್ಲಿ ನೀರು ನಿಲ್ಲುವುದಿಲ್ಲ, ಕಾಡಿನ ರಸ್ತೆಯಲ್ಲಿ ವಾಹನ ಹೂತುಕೊಳ್ಳುವುದಿಲ್ಲ.

ಬೆಂಗಳೂರಿನಿಂದ ಬೆಲೀಜ್‌ಗೆ ನೇರ ವಿಮಾನವಿಲ್ಲ. ಹ್ಯೂಸ್ಟನ್, ಮಯಾಮಿ, ಡಲ್ಲಸ್‌ಗಳಂಥ ಅಮೆರಿಕದ ನಗರಗಳಲ್ಲಿ ವಿಮಾನ ಬದಲಿಸಿ ಬೆಲೀಜ್ ಸಿಟಿಯಲ್ಲಿ ಇಳಿಯುವುದು ರೂಢಿಯ ದಾರಿ. ಅಮೆರಿಕದಲ್ಲಿ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದೆ ಬರಿಯ ವಿಮಾನ ಬದಲಿಸುವುದಕ್ಕೂ ಭಾರತೀಯರಿಗೆ ವೀಸಾ ಬೇಕು, ಅದರ ಸಂದರ್ಶನಕ್ಕೆ ದಿನ ಸಿಗುವುದು ಎಷ್ಟು ಕಷ್ಟವೆಂಬುದು ಎಲ್ಲರಿಗೂ ಗೊತ್ತಿರುವುದೇ. ಹೀಗಾಗಿ ಶಿಬಿರದ ಅರ್ಜಿಗಿಂತ ಮೊದಲೇ ಈ ಕೆಲಸಕ್ಕೆ ಕೈಹಾಕಬೇಕು. ಭಾರತೀಯ ಪಾಸ್‌ಪೋರ್ಟ್‌ಗೆ ಬೆಲೀಜ್ ವೀಸಾ ಕೂಡ ಅಗತ್ಯ. ಅಮೆರಿಕದ ಬಹುಪ್ರವೇಶ ವೀಸಾ ಉಳ್ಳವರಿಗೆ ಬೆಲೀಜ್ ರಿಯಾಯಿತಿ ಕೊಡುತ್ತ ಬಂದಿದೆ, ಆದರೆ ಇಂಥ ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ಕೊಳ್ಳುವ ಮೊದಲು ಅಲ್ಲಿನ ವಲಸೆ ಇಲಾಖೆಯಿಂದಲೇ ಲಿಖಿತವಾಗಿ ತಿಳಿದುಕೊಳ್ಳುವುದು ಕ್ಷೇಮ. ತಂಡದ ನಿರ್ದೇಶಕರಿಂದ ಆಹ್ವಾನಪತ್ರ ತರಿಸಿಕೊಂಡು ಕೈಚೀಲದಲ್ಲಿಯೇ ಇಟ್ಟುಕೊಂಡಿರಿ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ತಾಪತ್ರಯದ ಬಹುಭಾಗ ಇರುವುದಿಲ್ಲ. ಹ್ಯೂಸ್ಟನ್‌ನಿಂದ ಬೆಲೀಜ್ ಕೆಲವೇ ಗಂಟೆಗಳ ದಾರಿ.

ವಿಮೆಯ ಪತ್ರದಲ್ಲಿ ತುರ್ತು ಸ್ಥಳಾಂತರದ ವೆಚ್ಚ ಸೇರಿದೆಯೇ ಎಂಬುದನ್ನು ನೋಡಿಯೇ ಹಣ ಕಟ್ಟಬೇಕು. ಹಣದ ಲೆಕ್ಕ ಸುಲಭ: ಎರಡು ಬೆಲೀಜ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್, ಅಂಗಡಿಗಳಲ್ಲಿ ಎರಡೂ ನಡೆಯುತ್ತವೆ.

ದೇಹವನ್ನು ಸಿದ್ಧಗೊಳಿಸುವುದು

ಹೊರಡುವುದಕ್ಕೆ ಆರು ವಾರ ಮೊದಲು ವೈದ್ಯರನ್ನು ಕಂಡು ಧನುರ್ವಾಯು, ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆ ಮಾತನಾಡಿ. ಬೆಲೀಜನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮಲೇರಿಯಾಮುಕ್ತವೆಂದು ಘೋಷಿಸಿದೆ, ಆದರೆ ಡೆಂಗಿ ಅಲ್ಲಿ ಉಂಟು. ಹಳದಿ ಜ್ವರವಿರುವ ದೇಶಗಳ ಮೂಲಕ ಬರುವವರಿಂದ ಆ ಲಸಿಕೆಯ ಪ್ರಮಾಣಪತ್ರ ಕೇಳುವುದರಿಂದ ಬ್ರೆಜಿಲ್ ಅಥವಾ ಪನಾಮಾ ದಾರಿ ಹಿಡಿಯುವವರು ಮೊದಲೇ ವಿಚಾರಿಸಿಕೊಳ್ಳಬೇಕು.

ಕಾಡಿನ ಅಪಾಯವೆಂದರೆ ಜನಕ್ಕೆ ಜಾಗ್ವಾರ್ ನೆನಪಾಗುತ್ತದೆ. ಅದು ಕಣ್ಣಿಗೆ ಬಿದ್ದರೆ ನಮ್ಮ ಪುಣ್ಯ, ಅಷ್ಟೇ. ನಿಜವಾಗಿ ಕಾಡುವವು ಸಣ್ಣ ಜೀವಿಗಳು. ಮಲೆನಾಡಿನಲ್ಲಿ ಬೆಳೆದವರಿಗೆ ಉಣುಗುಗಳ ಪರಿಚಯ ಇದ್ದೇ ಇರುತ್ತದೆ. ಬೆಲೀಜ್‌ನಲ್ಲಿ ಮಂಗನ ಕಾಯಿಲೆಯ ಭಯವಿಲ್ಲದಿದ್ದರೂ ಸಂಜೆ ಸ್ನಾನದ ಹೊತ್ತಿಗೆ ಕಂಕುಳು, ಸೊಂಟ, ಮೊಣಕಾಲಿನ ಸಂದುಗಳನ್ನು ನೋಡಿಕೊಳ್ಳುವ ಅಭ್ಯಾಸವನ್ನು ಬಿಡಬಾರದು. ಮರಳುನೊಣದ ಕಡಿತದಿಂದ ಬರುವ ಚರ್ಮದ ಲೀಶ್ಮೇನಿಯಾಸಿಸ್ ಇನ್ನೊಂದು. ಇದರ ಹುಣ್ಣು ಕಡಿತವಾದ ಕೂಡಲೇ ಏಳದೆ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ, ನೋವಿಲ್ಲದೆ, ಅಂಚು ಉಬ್ಬಿಕೊಂಡು ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ನೀವು ಊರಿಗೆ ಮರಳಿರುತ್ತೀರಿ. ವಾಸಿಯಾಗದ ಹುಣ್ಣನ್ನು ತೋರಿಸಲು ಹೋದಾಗ ಮಧ್ಯ ಅಮೆರಿಕದ ಕಾಡಿನಲ್ಲಿದ್ದೆನೆಂದು ನೀವಾಗಿಯೇ ಹೇಳದಿದ್ದರೆ ಮೈಸೂರಿನ ವೈದ್ಯರಿಗೆ ಅದು ಹೊಳೆಯುವ ಸಂಭವ ಕಡಿಮೆ. ಚರ್ಮದೊಳಗೆ ಮರಿ ಬೆಳೆಸುವ ಬಾಟ್ ನೊಣವೂ ಅಲ್ಲಿದೆ. ಅದು ಅಸಹ್ಯವೇ ಹೊರತು ಅಪಾಯಕಾರಿಯಲ್ಲ.

ಹಾವುಗಳಲ್ಲಿ ಫೇರ್ ಡಿ ಲಾನ್ಸ್ ಎಂಬ ಮಂಡಲದ ಜಾತಿಯದನ್ನು ಎಲ್ಲರೂ ಅಂಜುತ್ತಾರೆ. ಕಲ್ಲುಗುಡ್ಡೆ, ಒಣಗಿದ ಎಲೆಗಳ ರಾಶಿ, ಹಿಂದಿನ ದಿನ ಮುಚ್ಚಿಟ್ಟ ತಾಡಪತ್ರಿಯ ಮಡಿಕೆ, ಇವು ಅದು ತಂಗುವ ಜಾಗಗಳು. ತಾಡಪತ್ರಿಯನ್ನು ಕೋಲಿನಿಂದ ಎತ್ತಿ ನೋಡದೆ ಕೈಹಾಕಬಾರದು. ವಿಷನಿರೋಧಕ ಔಷಧ ಇರುವ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂಬುದನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಮರಗಳಲ್ಲೂ ಎರಡನ್ನು ಗುರುತಿಸಲು ಕಲಿಯಬೇಕು. ಚೆಚೆಮ್ ಎಂಬುದು ನಮ್ಮ ಗೇರು, ಕೇರು ಮರಗಳ ಕುಟುಂಬಕ್ಕೇ ಸೇರಿದ್ದು. ತೊಗಟೆಯ ಮೇಲೆ ಕಪ್ಪು ಸೊನೆಯ ಕಲೆಗಳಿರುತ್ತವೆ, ಆ ಸೊನೆ ತಾಗಿದಲ್ಲಿ ಮೈ ಬೊಬ್ಬೆಯೇಳುತ್ತದೆ. ಮಳೆ ಬಂದಾಗ ಅದರ ಅಡಿಯಲ್ಲಿ ನಿಲ್ಲಬೇಡಿ. ಇನ್ನೊಂದು ಕಾಂಡದ ತುಂಬ ಸೂಜಿಯಂಥ ಮುಳ್ಳಿರುವ ತೆಳ್ಳನೆಯ ತಾಳೆ. ದಿಬ್ಬ ಹತ್ತುವಾಗ ಕಾಲು ಜಾರಿತೆಂದು ಕೈ ಚಾಚಿದರೆ ಸಿಗುವುದು ಬಹುತೇಕ ಅದೇ. ಇವುಗಳ ನಡುವೆ ನಮಗೆ ಚೆನ್ನಾಗಿ ಪರಿಚಯವಿರುವ ಮರವೂ ಇದೆ: ಸಪೋಟ ಇದೇ ಕಾಡಿನ ಮೂಲನಿವಾಸಿ. ಅದರ ಗಟ್ಟಿ ಮರದಿಂದ ಮಾಯಾ ಜನ ದೇವಾಲಯಗಳ ಬಾಗಿಲ ಮೇಲಿನ ತೊಲೆಗಳನ್ನು ಮಾಡಿದ್ದರು. ಚೂಯಿಂಗ್ ಗಮ್‌ಗಾಗಿ ಅದರ ಹಾಲು ಇಳಿಸಲು ಕಾಡು ಸುತ್ತುತ್ತಿದ್ದವರೇ ಇಪ್ಪತ್ತನೆಯ ಶತಮಾನದಲ್ಲಿ ಎಷ್ಟೋ ಪಾಳುನಗರಗಳ ಸುಳಿವನ್ನು ಸಂಶೋಧಕರಿಗೆ ಕೊಟ್ಟದ್ದು.

ಗಂಟುಮೂಟೆ

ತಂಡ ಕಳಿಸುವ ಪಟ್ಟಿಯನ್ನು ಪಾಲಿಸಿದರೆ ಸಾಕು. ಒಂದೆರಡು ಮಾತು ಮಾತ್ರ ಸೇರಿಸುತ್ತೇನೆ. ಕರಣೆಯನ್ನು ಚೆನ್ನಾದದ್ದನ್ನೇ ಕೊಳ್ಳಬೇಕು. ಗಾರೆ ಕೆಲಸದವರ ದೊಡ್ಡ ಕರಣೆ ಇದಕ್ಕೆ ಆಗುವುದಿಲ್ಲ. ಐದು ಇಂಚಿನ ಅಲಗಿನ, ಅಲಗೂ ಅದನ್ನು ಹಿಡಿಗೆ ಸೇರಿಸುವ ಕಂಬಿಯೂ ಬೆಸುಗೆಯಿಲ್ಲದೆ ಒಂದೇ ತುಂಡಾಗಿರುವ ಚೂಪು ಮೂತಿಯದು ಬೇಕು. ಮಾರ್ಷಲ್‌ಟೌನ್ ಕಂಪನಿಯದನ್ನು ಅಲ್ಲಿ ಎಲ್ಲರೂ ಬಳಸುತ್ತಾರೆ. ಅದನ್ನು ವಿಮಾನದ ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ. ಮೀಟರ್ ಲೆಕ್ಕದ ಉಕ್ಕಿನ ಟೇಪು, ದಾರಕ್ಕೆ ಸಿಕ್ಕಿಸುವ ಪುಟ್ಟ ರಸಮಟ್ಟ, ಮಂಡಿಗೆ ಕಟ್ಟಿಕೊಳ್ಳುವ ಮೆತ್ತೆ, ನೀರು ತಾಗಿದರೂ ಕೆಡದ ಹಾಳೆಯ ಟಿಪ್ಪಣಿ ಪುಸ್ತಕ, ಪೆನ್ಸಿಲ್‌ಗಳು, ಹಣೆಗೆ ಕಟ್ಟುವ ದೀಪ ಇವು ಅಗತ್ಯ. ಸೆಕೆಯೆಂದು ಅರ್ಧ ತೋಳಿನ ಅಂಗಿ ತರುವವರು ಎರಡನೆಯ ದಿನವೇ ಪೂರ್ಣ ತೋಳಿನದನ್ನು ಹುಡುಕಲು ಹೊರಡುತ್ತಾರೆ.

ಸಸ್ಯಾಹಾರಿಗಳು ಅರ್ಜಿಯಲ್ಲಿಯೇ ಅದನ್ನು ಸ್ಪಷ್ಟವಾಗಿ ಬರೆಯಬೇಕು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಮತ್ತು ಕೆಂಪು ಕಾಳು ಬೆಲೀಜ್‌ನ ನಿತ್ಯದ ಊಟ, ಆದರೆ ಕಾಳಿನ ಸಾರಿಗೆ ಹಂದಿಯ ಬಾಲ ಹಾಕುವ ರೂಢಿಯಿದೆ. ಮಾಂಸವಿಲ್ಲ ಎಂದರೆ ತುಂಡುಗಳನ್ನು ತೆಗೆದು ಬಡಿಸುವುದು ಎಂದು ಅಡಿಗೆಯವರು ಭಾವಿಸಬಹುದಾದ್ದರಿಂದ ಬೇಯಿಸುವಾಗಲೇ ಹಾಕಬಾರದೆಂದು ಬಿಡಿಸಿ ಹೇಳಿ.

ಗುಂಡಿಯೊಳಗಿನ ಕೆಲಸ

ದಿನ ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ. ತಿಂಡಿ ಮುಗಿಸಿ ಟ್ರಕ್ಕಿನ ಹಿಂಬದಿಯಲ್ಲಿ ಕುಳಿತು, ಕೊನೆಯ ದೂರವನ್ನು ನಡೆದು, ನೆಲೆ ತಲುಪುವಾಗ ಹೌಲರ್ ಕೋತಿಗಳ ಗರ್ಜನೆ ಕೇಳುತ್ತದೆ. ಕಾಡಿನಲ್ಲಿ ನಗರ ನಗರದಂತೆ ಕಾಣುವುದಿಲ್ಲ. ಮರಗಳು ಬೆಳೆದ ದಿಬ್ಬಗಳು ಕಾಣುತ್ತವೆ, ಅಷ್ಟೇ. ಸಂಶೋಧಕರು ಅವನ್ನು ಅಳೆದು, ದಾರ ಕಟ್ಟಿ, ಚೌಕಗಳನ್ನು ಗುರುತಿಸಿರುತ್ತಾರೆ. ಬಹಳಷ್ಟು ತಂಡಗಳಲ್ಲಿ ಅಗೆತದ ಜಾಗಕ್ಕೆ ಆಪರೇಷನ್, ಅದರೊಳಗಿನ ಚೌಕಕ್ಕೆ ಸಬ್‌ಆಪರೇಷನ್, ಆ ಚೌಕದೊಳಗೆ ಮಣ್ಣು ಬದಲಾದಂತೆಲ್ಲ ಒಂದೊಂದು ಲಾಟ್ ಎಂಬ ಕ್ರಮಸಂಖ್ಯೆ ಇರುತ್ತದೆ. ಅಂದು ನೀವು ಯಾವ ಲಾಟ್‌ನಲ್ಲಿದ್ದೀರಿ ಎಂಬುದು ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರುವಂತಿರಬೇಕು.

ಕರಣೆಯಿಂದ ಮಣ್ಣನ್ನು ಚುಚ್ಚಿ ಅಗೆಯುವುದಿಲ್ಲ; ಅಲಗಿನ ಅಂಚನ್ನು ನೆಲಕ್ಕೆ ಓರೆಯಾಗಿ ಹಿಡಿದು ತಮ್ಮತ್ತ ಕೆರೆಯುತ್ತ, ಚೌಕದ ಇಡೀ ಹರವನ್ನು ಸಮನಾಗಿ ಇಳಿಸುತ್ತಾರೆ. ಬಣ್ಣ, ಗಡಸುತನ, ಕಲ್ಲಿನ ಗಾತ್ರ ಇವುಗಳಲ್ಲಿ ಯಾವುದು ಬದಲಾದರೂ ನಿಲ್ಲಿಸಿ ಮೇಲ್ವಿಚಾರಕರನ್ನು ಕರೆಯಬೇಕು. ಕೆರೆದ ಮಣ್ಣೆಲ್ಲ ಬಕೆಟ್ಟಿನಲ್ಲಿ ಕಾಲು ಅಂಗುಲ ಕಣ್ಣಿನ ಜರಡಿಗೆ ಹೋಗುತ್ತದೆ. ಮಡಕೆಯ ಚೂರು, ಚಕಮಕಿ ಕಲ್ಲಿನ ಚಕ್ಕೆ, ಕಪ್ಪು ಗಾಜಿನಂತೆ ಹೊಳೆಯುವ ಅಬ್ಸಿಡಿಯನ್ ಅಲಗಿನ ತುಂಡು, ಬಸವನಹುಳುವಿನ ಚಿಪ್ಪು ಇವನ್ನು ಬೇರೆಬೇರೆ ಚೀಲಗಳಿಗೆ ಹಾಕಬೇಕು. ಬೆಲೀಜ್‌ನಲ್ಲಿ ಅಬ್ಸಿಡಿಯನ್ ಸಹಜವಾಗಿ ದೊರೆಯುವುದಿಲ್ಲ, ಅದು ಹೆಚ್ಚಾಗಿ ಗ್ವಾಟೆಮಾಲಾದ ಜ್ವಾಲಾಮುಖಿ ಬೆಟ್ಟಗಳಿಂದ ವ್ಯಾಪಾರದ ದಾರಿಯಲ್ಲಿ ಬಂದದ್ದು. ಆದ್ದರಿಂದ ಉಗುರಿನಷ್ಟು ಚೂರನ್ನೂ ಬಿಡುವಂತಿಲ್ಲ.

ಕಲಿಯಲು ಅತ್ಯಂತ ಹಿತವಾದದ್ದು ಗಾರೆ ನೆಲವನ್ನು ಓದುವುದು. ಮಾಯಾ ಜನ ಸುಣ್ಣದ ಕಲ್ಲನ್ನು ಸುಟ್ಟು ಗಾರೆ ಮಾಡಿ ಅಂಗಳ, ಮನೆ, ದೇವಾಲಯಗಳ ನೆಲಕ್ಕೆ ಬಳಿಯುತ್ತಿದ್ದರು. ಹಳೆಯ ಕಟ್ಟಡವನ್ನು ಕೆಡವಿ ಸಾಗಿಸುವ ಬದಲು ಅದರ ಮೇಲೆಯೇ ಕಲ್ಲುಮಣ್ಣು ತುಂಬಿ ಹೊಸ ನೆಲ ಹಾಕುವುದು ಅವರ ರೀತಿ. ಹಾಗಾಗಿ ಗುಂಡಿಯ ಗೋಡೆಯಲ್ಲಿ ಮೊದಲು ಒಂದು ತೆಳು ಬಿಳಿ ಗೆರೆ, ಅದರ ಅಡಿಯಲ್ಲಿ ಒತ್ತೊತ್ತಾದ ಸಣ್ಣ ಜಲ್ಲಿ, ಅದರಡಿ ದೊಡ್ಡ ಕಲ್ಲುಗಳ ತುಂಬು, ಮತ್ತೆ ಬಿಳಿ ಗೆರೆ ಹೀಗೆ ಕಾಣುತ್ತ ಹೋಗುತ್ತದೆ. ಕೆಳಗಿಳಿಯುತ್ತ ಬಂದಾಗ ಕರಣೆಯ ಸದ್ದೇ ಮೊದಲು ಬದಲಾಗುತ್ತದೆ, ಮೆತ್ತನೆಯ ಕರಕರ ಹೋಗಿ ಕಲ್ಲಿಗೆ ತಾಗಿದ ಹಾಗೆ ಕಿರ್ರೆನ್ನುತ್ತದೆ. ಆಗ ಕೈ ಬಿಗಿಹಿಡಿಯಬೇಕು.

ನೆಲ ಗೋಡೆಯನ್ನು ಮುಟ್ಟುವ ಮೂಲೆಯನ್ನು ವಿಶೇಷವಾಗಿ ನೋಡಿ. ಗಾರೆ ಗೋಡೆಯ ಬುಡದಲ್ಲಿ ಮೇಲಕ್ಕೆ ಬಾಗಿ ಅಂಟಿಕೊಂಡಿದ್ದರೆ ಗೋಡೆ ಮೊದಲು ಎದ್ದಿತು, ನೆಲ ಆಮೇಲೆ ಬಂತು. ಗಾರೆ ಗೋಡೆಯ ಅಡಿಗೆ ನುಗ್ಗಿ ಹೋಗಿದ್ದರೆ ಅದರ ತಿರುಗುಮುರುಗು. ಒಡಕಿಲ್ಲದ ನೆಲದ ಕೆಳಗೆ ದೊರೆತ ಮಡಕೆ ಚೂರುಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವ ಕಾಲದ್ದೋ ಆ ನೆಲ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಕಹಾಲ್ ಪೆಚ್‌ನಲ್ಲಿ ಕ್ರಿಸ್ತಪೂರ್ವ 1200ರ ಸುಮಾರಿಗೇ ಜನ ನೆಲೆಸಿದ್ದರೆಂದು ಇಂದು ಹೇಳಲಾಗುತ್ತಿದ್ದರೆ, ಆ ತೀರ್ಮಾನ ಹೀಗೆ ನೆಲದ ಕೆಳಗಿನ ನೆಲವನ್ನು ಹುಡುಕುತ್ತ ಇಳಿದು, ಇದ್ದಲಿನ ಚೂರುಗಳ ಕಾಲವನ್ನು ಅಳೆಸಿ ಬಂದದ್ದು. ಇದ್ದಲು ಕಂಡರೆ ಬೆರಳು ತಾಗಿಸದೆ ಕರಣೆಯ ತುದಿಯಿಂದ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಡಬೇಕು.

ಗಾರೆಯ ನೆಲದಲ್ಲಿ ದುಂಡಗೆ ಕತ್ತರಿಸಿ ಮತ್ತೆ ತೇಪೆ ಹಾಕಿದ ಗುರುತು ಕಂಡರೆ ಕೆಲಸ ನಿಲ್ಲಿಸಿ. ಅದು ಬಟ್ಟಲ ಮೇಲೆ ಬಟ್ಟಲು ಕವಿಚಿಟ್ಟ ಹರಕೆಯ ನಿಕ್ಷೇಪವಿರಬಹುದು, ಸಮಾಧಿಯೂ ಇರಬಹುದು. ಮಾಯಾ ಜನ ತಮ್ಮವರನ್ನು ವಾಸದ ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಎಲುಬು ಕಂಡೊಡನೆ ಅದು ಅನುಭವಿಗಳ ಕೆಲಸವಾಗುತ್ತದೆ. ಕರಣೆ ಪಕ್ಕಕ್ಕಿಟ್ಟು ಬಿದಿರಕಡ್ಡಿ, ಕುಂಚಗಳಿಂದ ಅವರು ಮಾಡುವುದನ್ನು ನೋಡುತ್ತ ಅಳತೆ ಹೇಳಿದರೆ ಸಾಕು. ಅಸ್ಥಿಯ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುವುದು ಎಂಥ ಅಸಭ್ಯತೆ ಎಂದು ಬೇರೆ ಹೇಳಬೇಕಾಗಿಲ್ಲ. ಮಾಯಾ ಜನ ಅಳಿದುಹೋದವರಲ್ಲ. ಯುಕಾಟೆಕ್, ಮೋಪಾನ್, ಕೆಕ್ಚಿ ಸಮುದಾಯಗಳು ಬೆಲೀಜ್‌ನಲ್ಲಿಯೇ ಬದುಕುತ್ತಿವೆ. ನಿಮ್ಮ ಪಕ್ಕದ ಚೌಕದಲ್ಲಿ ಅಗೆಯುತ್ತಿರುವವರ ಪೂರ್ವಿಕರ ಎಲುಬೇ ಅದಾಗಿರಬಹುದು.

ಆ ಪಕ್ಕದವರನ್ನು ಕೂಲಿಯಾಳುಗಳೆಂದು ಕಡೆಗಣಿಸುವುದು ಹೊಸಬರ ದೊಡ್ಡ ತಪ್ಪು. ಶುನಾನ್‌ತುನಿಚ್ ಬಳಿಯ ಸುಕೋಟ್ಸ್ ಊರಿನ ಕುಟುಂಬಗಳು ತಲೆಮಾರುಗಳಿಂದ ಉತ್ಖನನದಲ್ಲಿ ದುಡಿದಿವೆ. ಬಿದ್ದ ಕಲ್ಲಿಗೂ ಗೋಡೆಯ ಕಲ್ಲಿಗೂ ಇರುವ ವ್ಯತ್ಯಾಸವನ್ನು ಅವರು ಮಚ್ಚಿನ ತುದಿಯಿಂದ ತಟ್ಟಿ ಹೇಳುತ್ತಾರೆ. ಹಿರಿಯರನ್ನು ಹೆಸರಿನ ಮುಂದೆ ಡಾನ್ ಎಂಬ ಸ್ಪ್ಯಾನಿಷ್ ಗೌರವಪದ ಸೇರಿಸಿ ಮಾತನಾಡಿಸಿ, ಏನಾದರೂ ಸಂದೇಹ ಬಂದಾಗ ಅವರನ್ನು ಕೇಳಿ.

ಬರೆಯುವುದು, ತೊಳೆಯುವುದು

ಪ್ರತಿ ಚೀಲದೊಳಗೆ ಒಂದು ಚೀಟಿ, ಹೊರಗೆ ಅದೇ ಬರಹ: ನೆಲೆಯ ಹೆಸರು, ಆಪರೇಷನ್, ಸಬ್‌ಆಪರೇಷನ್, ಲಾಟ್, ವಸ್ತುವಿನ ಬಗೆ, ದಿನಾಂಕ, ಬರೆದವರ ಹೆಸರಿನ ಮೊದಲಕ್ಷರ. ಸಂಜೆಗೆ ಬರೆದರಾಯಿತು ಎಂದು ಖಾಲಿ ಬಿಟ್ಟ ಚೀಲ ಸಂಜೆಗೆ ಯಾರದೂ ಅಲ್ಲದ ಚೀಲವಾಗಿರುತ್ತದೆ. ದಿನಚರಿಯಲ್ಲಿ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಬರೆಯಿರಿ. ಬಿಳಿ ಪುಡಿ ಬೆರೆತ ಗಟ್ಟಿ ಮಣ್ಣು ಎಂಬುದು ಕಂಡದ್ದು, ಸವೆದ ನೆಲವಿರಬಹುದು ಎಂಬುದು ಊಹೆ.

ದಾಖಲೆಯಿಂದ ಏನಾಗುತ್ತದೆ ಎನ್ನುವವರಿಗೆ ಶುನಾನ್‌ತುನಿಚ್ ಒಂದು ನಿದರ್ಶನ. 2016ರಲ್ಲಿ ಜೇಮಿ ಆವೆ ಅವರ ತಂಡಕ್ಕೆ ಅಲ್ಲಿ ಒಂದು ದೊಡ್ಡ ಸಮಾಧಿ ಮಾತ್ರವಲ್ಲದೆ ಲಿಪಿ ಕೆತ್ತಿದ ಎರಡು ಫಲಕಗಳೂ ಸಿಕ್ಕವು. ಅವು ಮೂಲತಃ ದಕ್ಷಿಣದ ಕರಕೋಲ್ ನಗರದ ಮೆಟ್ಟಿಲಸಾಲಿಗೆ ಸೇರಿದವು, ಅದೇ ಸಾಲಿನ ಬೇರೆ ಫಲಕಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಗ್ವಾಟೆಮಾಲಾದ ನರಾಂಹೋದಲ್ಲಿ ದೊರೆತಿದ್ದವು. ಒಂದು ಊರಿನ ಶಾಸನ ಇನ್ನೊಂದು ಊರಿನ ಕಟ್ಟಡದಲ್ಲಿ ಇದ್ದುದೇ ಆ ರಾಜ್ಯಗಳ ನಡುವಿನ ಯುದ್ಧ, ಸಂಬಂಧಗಳ ಕಥೆಗೆ ಸಾಕ್ಷಿಯಾಯಿತು. ಫಲಕಗಳನ್ನು ಕಳ್ಳರು ಕಿತ್ತು ಮಾರಿದ್ದರೆ ಲಿಪಿ ಉಳಿಯುತ್ತಿತ್ತು, ಈ ಸಾಕ್ಷಿ ಉಳಿಯುತ್ತಿರಲಿಲ್ಲ.

ಮಧ್ಯಾಹ್ನದ ಮೇಲೆ ಪ್ರಯೋಗಾಲಯದಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ಚೂರುಗಳನ್ನು ತೊಳೆದು ನೆರಳಿನಲ್ಲಿ ಜಾಲರಿಯ ಮೇಲೆ ಹರಡಿ ಒಣಗಿಸುತ್ತಾರೆ. ಒಂದು ಸಲಕ್ಕೆ ಒಂದೇ ಚೀಲ, ಚೀಟಿ ಆ ಜಾಲರಿಯ ಮೇಲೆಯೇ ಇರಬೇಕು. ಒಡೆದ ಅಂಚುಗಳನ್ನು ಚೆನ್ನಾಗಿ ಉಜ್ಜಿ, ಬಣ್ಣ ಬಳಿದ ಮೇಲ್ಮೈಯನ್ನು ಮುಟ್ಟಿದರೂ ಮುಟ್ಟದಂತೆ ಬಿಡಿ. ಒಳಗೆ ಕರಕಲು ಅಂಟಿರುವ ಚೂರನ್ನು ತೊಳೆಯಲೇಬಾರದು, ಆ ಕರಕಲಿನಿಂದ ಬೇಯಿಸಿದ್ದೇನೆಂದು ತಿಳಿಯಬಹುದು.

ಹೊರಡುವ ಮುನ್ನ

ಬೆಲೀಜ್ ಕಾನೂನಿನಂತೆ ಪುರಾತನ ವಸ್ತುಗಳೆಲ್ಲ ಸರ್ಕಾರದ ಸ್ವತ್ತು. ದಾರಿಯಲ್ಲಿ ಬಿದ್ದಿದ್ದ ಮಡಕೆ ಚೂರನ್ನು ನೆನಪಿಗೆಂದು ಜೇಬಿಗಿಳಿಸಿದರೂ ಅಪರಾಧವೇ. ಕಾವಲಿಲ್ಲದ ನೆಲೆಯ ಚಿತ್ರವನ್ನು ಸ್ಥಳದ ಗುರುತು ಸಮೇತ ಜಾಲತಾಣಕ್ಕೆ ಹಾಕಬೇಡಿ, ನಿಧಿಗಳ್ಳರು ಅವನ್ನು ನೋಡುತ್ತಾರೆ.

ಕೊನೆಯ ಎರಡು ದಿನ ಗುಂಡಿಯ ನಾಲ್ಕೂ ಗೋಡೆಗಳನ್ನು ಗ್ರಾಫ್ ಹಾಳೆಯ ಮೇಲೆ ಅಳತೆಗೆ ತಕ್ಕಂತೆ ಬಿಡಿಸಿ, ಆಮೇಲೆ ಅಗೆದ ಮಣ್ಣನ್ನು ಪೂರ್ತಿಯಾಗಿ ತುಂಬಿ ಮುಚ್ಚಬೇಕು. ತೆರೆದಿಟ್ಟರೆ ಮಳೆಗೆ ಗಾರೆ ಕರಗುತ್ತದೆ, ಬೇರು ಇಳಿಯುತ್ತದೆ. ಇದು ಬೆನ್ನು ಮುರಿಯುವ ಕೆಲಸವಾದ್ದರಿಂದ ಆ ದಿನಗಳಲ್ಲಿ ಹುಷಾರಿಲ್ಲವೆನ್ನುವವರು ಪ್ರತಿ ತಂಡದಲ್ಲೂ ಇರುತ್ತಾರೆ, ಮೇಲ್ವಿಚಾರಕರು ಅವರನ್ನು ಚೆನ್ನಾಗಿ ನೆನಪಿಡುತ್ತಾರೆ ಕೂಡ. ಟಿಪ್ಪಣಿ ಪುಸ್ತಕ ತಂಡಕ್ಕೆ ಸೇರಿದ್ದು. ಒಪ್ಪಿಗೆ ಪಡೆದು ನಿಮ್ಮ ಪುಟಗಳ ಚಿತ್ರ ತೆಗೆದುಕೊಂಡು, ಅಸ್ಪಷ್ಟವಾದ ಅಕ್ಷರಗಳನ್ನು ತಿದ್ದಿ, ನಿಮ್ಮ ಇಮೇಲ್ ವಿಳಾಸವನ್ನು ಮೇಲ್ವಿಚಾರಕರಿಗೆ ಕೊಟ್ಟು ಬನ್ನಿ. ಆ ಋತುವಿನ ವರದಿ ಬರೆಯುವಾಗ ಮೂರನೆಯ ಲಾಟ್‌ನ ಆಳ ಎಲ್ಲಿಂದ ಅಳೆದದ್ದು ಎಂಬಂಥ ಪ್ರಶ್ನೆ ತಿಂಗಳುಗಳ ನಂತರ ಬಂದೀತು.